ಘೋಡ್ ನದಿ ದಾಟಿದರೆ ರಾಜಧಾನಿ

ಹಳೆಯ ರಾಜಧಾನಿಯೊಂದನ್ನು ನೋಡಬೇಕೆಂದರೆ ಯುರೋಪಿಗೇ ಹೋಗಬೇಕು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಜರ್ಮನಿಯಲ್ಲಿರುವ ನನ್ನ ಮಗಳು ವಾರಾಂತ್ಯಕ್ಕೊಂದು ರಜೆ ಸೇರಿಕೊಂಡರೆ ಸಾಕು, ಪ್ರಾಗ್‌ಗೋ ವಿಯೆನ್ನಾಗೋ ರೈಲು ಹತ್ತುತ್ತಾಳೆ. 1357ರಲ್ಲಿ ಕಟ್ಟಲು ಶುರುಮಾಡಿದ ಚಾರ್ಲ್ಸ್ ಸೇತುವೆಯ ಮೇಲೆ ನಿಂತು ವಿಡಿಯೋ ಕಾಲ್ ಮಾಡುತ್ತಾಳೆ. ಹೋಗುವ ಮೊದಲು ಎರಡು ಪುಸ್ತಕ ಓದಿರುತ್ತಾಳೆ, ಯಾವ ಬೀದಿಯಲ್ಲಿ ಯಾವ ಅರಸ ಓಡಾಡಿದ್ದ ಎಂದು ಗುರುತು ಹಾಕಿಕೊಂಡಿರುತ್ತಾಳೆ. ಈ ಶ್ರದ್ಧೆ ನನಗೆ ತುಂಬ ಹಿಡಿಸುತ್ತದೆ. ಅದೇ ಶ್ರದ್ಧೆಯಿಂದ ನಾವೂ ಒಂದು ರಾಜಧಾನಿ ನೋಡಬೇಕೆಂದು ಮನಸ್ಸು ಮಾಡಿದೆ.

ನಾವಿರುವುದು ಪುಣೆ ಜಿಲ್ಲೆಯ ಶಿರೂರಿನಲ್ಲಿ. ಮನೆಯವರಿಗೆ ರಾಂಜಣಗಾಂವ್ ಎಂಐಡಿಸಿಯಲ್ಲಿ ಕೆಲಸ. ನನ್ನ ತವರು ವಿಜಯಪುರ. ಇಲ್ಲಿ ಘೋಡ್ ನದಿಯ ಸೇತುವೆ ದಾಟಿದರೆ ಜಿಲ್ಲೆಯೇ ಬದಲಾಗುತ್ತದೆ. ಅಲ್ಲಿಂದ ಸುಪೆಯ ಮೇಲೆ ಹಾದು ಗಂಟೆಯ ಮೇಲಿಷ್ಟು ಹೊತ್ತು ಹೋದರೆ ಅಹ್ಮದ್‌ನಗರ. 2024ರಲ್ಲಿ ಅದಕ್ಕೆ ಅಹಿಲ್ಯಾನಗರವೆಂದು ಹೆಸರಾಯಿತು. ಇಲ್ಲಿಯ ಜನರ ಬಾಯಲ್ಲಿ ಆಗಲೂ ಈಗಲೂ ಬರೀ ‘ನಗರ’. ಸ್ವಾತಂತ್ರ್ಯ ದಿನ ಶುಕ್ರವಾರ ಬಿದ್ದ ವರ್ಷ ತಮ್ಮ ಸಂಸಾರ ಸಮೇತ ವಿಜಯಪುರದಿಂದ ಬಂದಿದ್ದ. ಎಲ್ಲರೂ ಹೊರಟೆವು.

ಬಹಮನಿ ಸೈನ್ಯವನ್ನು ಸೋಲಿಸಿದ ಜಾಗದಲ್ಲಿಯೇ ಮಲಿಕ್ ಅಹ್ಮದ್ ಈ ಊರಿಗೆ ನೆಲೆ ಹಾಕಿದ. ಆ ಗೆಲುವು 1490ರದು. ಅವನ ತಂದೆ ಮಲಿಕ್ ಹಸನ್ ಬೀದರಿನಲ್ಲಿ ದೊಡ್ಡ ಪದವಿಗೇರಿದವನು. ಅವನು ಹುಟ್ಟಿನಿಂದ ವಿಜಯನಗರದ ಬ್ರಾಹ್ಮಣ, ಹುಡುಗನಾಗಿದ್ದಾಗ ಬಹಮನಿಗಳಿಗೆ ಸೆರೆಸಿಕ್ಕವನು ಎಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಈ ಸಂಗತಿ ಹೇಳಿದಾಗ ತಮ್ಮ ಕಾರಿನ ವೇಗ ಇಳಿಸಿ, “ಹಂಗಾದ್ರ ಇವ್ರು ನಮ್ಮ ಕಡಿಯವ್ರ ಆದ್ರಲ್ಲ ಅಕ್ಕಾ” ಅಂದ. ಅವನ ಮಾತು ನನಗೆ ಅತಿಶಯವೆನಿಸಲಿಲ್ಲ. ಆದರೂ ಆ ವಂಶದವನೇ ಆದ ಹುಸೇನ್ ನಿಜಾಮಶಾಹ 1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರದ ರಾಮರಾಯನ ತಲೆ ಕಡಿಸಿದ. ಊರ ಪಕ್ಕದ ಬಾಗ್ ರೋಜಾದಲ್ಲಿ ಮಲಿಕ್ ಅಹ್ಮದನ ಗೋರಿಯಿದೆ. ಕಪ್ಪು ಕಲ್ಲಿನ ಕಟ್ಟಡ, ಒಳಗೆ ತಂಪು. ಅದೇ ಆವರಣದಲ್ಲಿ ಆನೆಯೊಂದರ ಸಮಾಧಿಯನ್ನೂ ತೋರಿಸುತ್ತಾರೆ. ಗುಲಾಮ್ ಅಲಿ ಅದರ ಹೆಸರು. ರಾಮರಾಯನನ್ನು ರಣರಂಗದಲ್ಲಿ ಹಿಡಿದದ್ದು ಆ ಆನೆಯೇ ಎಂಬ ಮಾತು ತಲೆಮಾರುಗಳಿಂದ ಬಂದಿದೆ. ಹಂಪಿಯ ಮುರಿದ ಗುಡಿಗಳನ್ನು ಕಂಡವರು ಇಲ್ಲಿ ಸುಮ್ಮನೆ ಫೋಟೋ ತೆಗೆದುಕೊಂಡು ಹೋಗಲಾರರು. ನನ್ನ ಸೊಸಿ, ಅಂದರೆ ತಮ್ಮನ ಮಗಳು, ಹೈಸ್ಕೂಲು ಹುಡುಗಿ, ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಳು.

ನನ್ನ ಮಟ್ಟಿಗೆ ಈ ಊರು ಚಾಂದಬೀಬಿಯದು. ಹುಸೇನನ ಮಗಳು ಅವಳು. ರಕ್ಕಸತಂಗಡಿಗೆ ಮುಂಚೆ ಸುಲ್ತಾನರು ಒಂದಾಗುವಾಗ ಅವಳನ್ನು ವಿಜಯಪುರದ ಒಂದನೇ ಅಲಿ ಆದಿಲಶಾಹನಿಗೆ ಕೊಟ್ಟರು. ಸೊಲ್ಲಾಪುರ ಬಳುವಳಿಯಾಗಿ ಹೋಯಿತು. ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಚಾಂದ್ ಬಾವಡಿ ಅವಳ ಹೆಸರಿನದೇ. 1580ರಲ್ಲಿ ಗಂಡ ಸತ್ತ ಮೇಲೆ ಬಾಲಕ ಎರಡನೇ ಇಬ್ರಾಹಿಮನ ಹೆಸರಿನಲ್ಲಿ ನಮ್ಮೂರಿನ ಆಡಳಿತ ನೋಡಿದಳು, ಅದಕ್ಕಾಗಿ ಸೆರೆಯನ್ನೂ ಅನುಭವಿಸಿದಳು. ಕಡೆಗೆ ತವರಿಗೆ ಬಂದಾಗ ಅಲ್ಲಿ ಸಿಂಹಾಸನದ ಜಗಳ, ಬಾಗಿಲಲ್ಲಿ ಅಕ್ಬರನ ಮಗ ಮುರಾದನ ಸೈನ್ಯ. 1596ರಲ್ಲಿ ಮೊಗಲರು ಸುರಂಗ ಸಿಡಿಸಿ ಕೋಟೆಯ ಗೋಡೆ ಉರುಳಿಸಿದಾಗ, ಕತ್ತಿ ಹಿಡಿದು ಬಿರುಕಿನಲ್ಲಿ ನಿಂತು ರಾತ್ರೋರಾತ್ರಿ ಗೋಡೆ ಕಟ್ಟಿಸಿದಳು. ವರ್ಹಾಡ ಪ್ರಾಂತವನ್ನು ಬಿಟ್ಟುಕೊಟ್ಟು ರಾಜಧಾನಿ ಉಳಿಸಿಕೊಂಡಳು. ನಾಲ್ಕು ವರ್ಷದ ನಂತರ, ಶತ್ರುವಿನೊಡನೆ ಸೇರಿದ್ದಾಳೆಂಬ ಸುಳ್ಳು ಸುದ್ದಿ ನಂಬಿ ಅವಳದೇ ಜನ ಅವಳನ್ನು ಕೊಂದರು. ಕೆಲವೇ ದಿನಗಳಲ್ಲಿ ಕೋಟೆ ಮೊಗಲರದಾಯಿತು. ಎರಡು ರಾಜಧಾನಿಗಳನ್ನು ಆಳಿದ ಇಂಥ ಹೆಣ್ಣುಮಗಳು ಯುರೋಪಿನಲ್ಲಿದ್ದಿದ್ದರೆ ಅವಳ ದಾರಿ ಹಿಡಿದು ನಡೆಯುವವರಿಗೆ ನಕಾಶೆಯೇ ಸಿಗುತ್ತಿತ್ತು.

ಕೋಟೆ ಈಗ ಸೇನೆಯ ವಶದಲ್ಲಿದೆ. ಗುಂಡಗಿನ ಕೋಟೆ, ಸುತ್ತ ಅಗಲವಾದ ಕಂದಕ. ಇದನ್ನು 1803ರ ಆಗಸ್ಟಿನಲ್ಲಿ ಸಿಂಧಿಯಾ ಕಡೆಯವರಿಂದ ಗೆದ್ದವನು ಆರ್ಥರ್ ವೆಲ್ಲೆಸ್ಲಿ. ನಾಲ್ಕು ವರ್ಷ ಮೊದಲು ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದವನೂ ಅವನೇ. ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ ಪ್ರವಾಸಿಗರು ನೋಡುವ ವೆಲ್ಲಿಂಗ್ಟನ್ ಸಮಾಧಿ ಅವನದು. 1942ರಲ್ಲಿ ಬ್ರಿಟಿಷರು ಕಾಂಗ್ರೆಸ್ ನಾಯಕರನ್ನು ತಂದಿಟ್ಟದ್ದು ಈ ಕೋಟೆಯಲ್ಲಿ. ನೆಹರು ‘ಡಿಸ್ಕವರಿ ಆಫ್ ಇಂಡಿಯಾ’ ಬರೆದದ್ದು ಇಲ್ಲಿಯೇ, 1944ರಲ್ಲಿ. ಮೌಲಾನಾ ಆಜಾದ್ ಇಲ್ಲಿಂದ ಬರೆದ, ಅಂಚೆಗೆ ಹಾಕಲಾಗದ ಪತ್ರಗಳು ‘ಗುಬಾರ್-ಎ-ಖಾತಿರ್’ ಆದವು. ಅವರ ಪತ್ನಿ ಕಲಕತ್ತೆಯಲ್ಲಿ ತೀರಿಕೊಂಡ ಸುದ್ದಿ ಬಂದದ್ದೂ ಈ ಗೋಡೆಗಳ ಒಳಗೇ. ಆ ಕೋಣೆಗಳ ಸಾಲಿನ ಮುಂದೆ ಯಾರಿಗೂ ಮಾತು ಬೇಡವಾಗಿತ್ತು.

ಮರುದಿನ ಫರಾಹ್ ಬಾಗ್. ಒಂದು ಕಾಲಕ್ಕೆ ಕೆರೆಯ ನಡುವೆ ನಿಂತಿದ್ದ ಎಂಟು ಮೂಲೆಯ ಅರಮನೆ, ಈಗ ಸುತ್ತ ಒಣನೆಲ. ಅದನ್ನು ಮುಗಿಸಿದ ಮಂತ್ರಿ ಎರಡನೇ ಸಲಾಬತ್ ಖಾನನ ಗೋರಿ ಊರಾಚೆಯ ಗುಡ್ಡದ ಮೇಲಿದೆ. ಮೂರಂತಸ್ತು, ಸುತ್ತ ಕಮಾನುಗಳು. ಜನ ಅದನ್ನು ಚಾಂದಬೀಬಿ ಮಹಲ್ ಎಂದೇ ಕರೆಯುತ್ತಾರೆ. ಮೇಲಿನಿಂದ ಮಳೆಗಾಲದ ಹಸಿರು ಬಯಲು ಕಂಡಿತು. “ಅತ್ತಿ, ಮಲಿಕ್-ಎ-ಮೈದಾನ್ ಇಲ್ಲಿಂದ ನಮ್ಮೂರಿಗೆ ಹೆಂಗ್ ಒಯ್ದ್ರು?” ಎಂದು ಸೊಸಿ ಕೇಳಿದಳು. ನಮ್ಮ ಬುರುಜಿನ ಮೇಲಿನ ಆ ಮಹಾ ತೋಪನ್ನು 1549ರಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು ನಗರದಲ್ಲಿ. ಆಮೇಲೆ ಅದು ಪರಾಂಡಾ ಕೋಟೆಯಲ್ಲಿತ್ತು, 1632ರಲ್ಲಿ ಆದಿಲಶಾಹಿಯವರು ಗೆದ್ದು ವಿಜಯಪುರಕ್ಕೆ ತಂದರು. ಎತ್ತು, ಆನೆ, ಮನುಷ್ಯರ ಹೆಗಲು, ಇಷ್ಟರಿಂದಲೇ ಐವತ್ತು ಟನ್ನಿಗೂ ಮಿಕ್ಕಿದ ಲೋಹ ಆ ದಾರಿ ಸವೆಸಿರಬೇಕು ಎಂದೆ.

ಕರ್ನಾಟಕ ಎಕ್ಸ್‌ಪ್ರೆಸ್ ದಿನವೂ ಈ ಊರಿನ ಮೇಲೆ ಹಾದುಹೋಗುತ್ತದೆ. ಶಿರಡಿಗೂ ಶನಿಶಿಂಗಣಾಪುರಕ್ಕೂ ಬರುವ ನಮ್ಮವರ ಬಸ್ಸುಗಳು ಇಲ್ಲಿ ಚಹಾಕ್ಕೆ ನಿಂತು ಮುಂದೆ ಹೋಗುತ್ತವೆ. ದರ್ಶನ ಮುಗಿಸಿ ಮರಳುವಾಗ ಒಂದು ರಾತ್ರಿ ಉಳಿದರೆ ಸಾಕು: ಬೆಳಗ್ಗೆ ಗುರುತಿನ ಚೀಟಿ ಹಿಡಿದು ಕೋಟೆಗೆ, ಬಿಸಿಲೇರುವ ಮುನ್ನ ಬಾಗ್ ರೋಜಾಕ್ಕೆ, ಸಂಜೆ ಗುಡ್ಡಕ್ಕೆ. ಮಧ್ಯಾಹ್ನ ಹಸಿದರೆ ಪಿಠಲ, ಠೇಚಾದ ಜೊತೆ ನಮ್ಮದೇ ಜೋಳದ ರೊಟ್ಟಿ ಸಿಗುತ್ತದೆ.