ಅನ್ಯಾಯದಷ್ಟೇ ಅಗಲದ ದಾರಿ

1965ರ ಮಾರ್ಚ್. ಅಲಬಾಮಾದ ರಾಜಧಾನಿ ಮಾಂಟ್ಗೊಮರಿಯ ಫೆಡರಲ್ ನ್ಯಾಯಾಲಯ. ಕಿಕ್ಕಿರಿದ ಕೋಣೆಯಲ್ಲಿ ಹಿಂದಿನ ಬೆಂಚೊಂದರ ತುದಿ ನಿಮಗೆ ಸಿಕ್ಕಿದೆ. ಟಿ.ವಿ.ಯವರು ಸೆರೆಹಿಡಿದ ಚಿತ್ರ ಓಡುತ್ತಿದೆ: ಸೆಲ್ಮಾದ ಎಡ್ಮಂಡ್ ಪೆಟಸ್ ಸೇತುವೆ, ಮತದಾನದ ಹಕ್ಕು ಕೇಳುತ್ತ ಸಾಲಾಗಿ ಬಂದ ಕಪ್ಪು ಜನ, ಎದುರಿಗೆ ರಾಜ್ಯ ಪೊಲೀಸರು. ಲಾಠಿ ಬೀಸುತ್ತದೆ. ಅಶ್ರುವಾಯು ಕವಿಯುತ್ತದೆ. ಬಿದ್ದವರಿಗೂ ಏಟು. ಕೆಲವೇ ನಿಮಿಷದಲ್ಲಿ ಚಿತ್ರ ಮುಗಿಯುತ್ತದೆ. ನ್ಯಾಯಾಧೀಶರು ವಿರಾಮ ಘೋಷಿಸಿ ಎದ್ದುಹೋಗುತ್ತಾರೆ.

ಅವರೇ ಫ್ರಾಂಕ್ ಎಂ. ಜಾನ್ಸನ್. ವಯಸ್ಸು 46, ಸಪೂರ ಎತ್ತರದ ಆಳು. ಕನ್ನಡಕದ ಮೇಲಿನಿಂದ ಅವರು ದಿಟ್ಟಿಸಿದರೆ ವಕೀಲರ ಮಾತು ತಡವರಿಸುತ್ತದೆ. ಸೆಲ್ಮಾದಿಂದ ಇಲ್ಲಿಗೆ ಮತ್ತೆ ಹೊರಟಿದ್ದ ಮೆರವಣಿಗೆಗೆ, ವಿಚಾರಣೆ ಮುಗಿಯುವ ತನಕ ತಡೆ ಹಾಕಿದವರೂ ಇವರೇ. ಮಾರ್ಟಿನ್ ಲೂಥರ್ ಕಿಂಗ್ ಕಡೆಯವರಿಗೆ ಅದು ನುಂಗಲಾರದ ತುತ್ತು. ಆದರೆ ಕೇಳಿಸಿಕೊಳ್ಳದೆ ತೀರ್ಪಿಲ್ಲ ಎಂಬುದು ಜಾನ್ಸನ್ ಅವರ ಪಟ್ಟು.

ಊರಿಗೆ ಅವರ ಪರಿಚಯ ಚೆನ್ನಾಗಿದೆ. 1955ರಲ್ಲಿ ಅವರನ್ನು ನೇಮಿಸಿದ್ದು ಅಧ್ಯಕ್ಷ ಐಸೆನ್‌ಹೋವರ್. ಮರುವರ್ಷವೇ ಮೂವರ ಪೀಠದಲ್ಲಿ ಕೂತು, ಸಹ ನ್ಯಾಯಾಧೀಶ ರಿಚರ್ಡ್ ರೈವ್ಸ್ ಜೊತೆಗೂಡಿ, ಮಾಂಟ್ಗೊಮರಿ ಬಸ್ಸುಗಳ ವರ್ಣಭೇದ ಸಂವಿಧಾನಬಾಹಿರ ಎಂದರು. ಜಾನ್ಸನ್ ಅವರ ಮನೆಯಂಗಳದಲ್ಲಿ ಬೆದರಿಕೆಯ ಶಿಲುಬೆ ಉರಿಯಿತು. ರಾಜ್ಯಪಾಲ ಜಾರ್ಜ್ ವ್ಯಾಲೇಸ್ ಕಾನೂನು ಕಾಲೇಜಿನ ಸಹಪಾಠಿ. ಈಗ ಬಹಿರಂಗವಾಗಿ ಹೀಯಾಳಿಸುವವರು.

ಸಾಕ್ಷಿ ಹೇಳುವವರಲ್ಲಿ 25ರ ಹರೆಯದ ಜಾನ್ ಲೂಯಿಸ್ ಇದ್ದಾರೆ. ಸೇತುವೆಯಲ್ಲಿ ಬಿದ್ದ ಪೆಟ್ಟಿಗೆ ಅವರ ತಲೆಬುರುಡೆ ಬಿರುಕುಬಿಟ್ಟಿತ್ತು. ಲೆಕ್ಕಪತ್ರಗಳೂ ಮಾತಾಡುತ್ತವೆ: ಸೆಲ್ಮಾ ಇರುವ ಡಲ್ಲಾಸ್ ಕೌಂಟಿಯಲ್ಲಿ ವಯಸ್ಕ ಕಪ್ಪು ಜನರ ಪೈಕಿ ಮತದಾರರ ಪಟ್ಟಿ ಸೇರಿದವರು ನೂರಕ್ಕೆ ಮೂವರೂ ಇಲ್ಲ.

ಮಾರ್ಚ್ 17, ಬುಧವಾರ. ಆದೇಶ ಹೊರಬೀಳುತ್ತದೆ. ಹೆದ್ದಾರಿಯಲ್ಲಿ ಪ್ರತಿಭಟಿಸುವ ಹಕ್ಕಿನ ಅಳತೆ, ಪ್ರತಿಭಟಿಸುತ್ತಿರುವ ಅನ್ಯಾಯದ ಅಳತೆಗೆ ತಕ್ಕಷ್ಟಿರಬೇಕು. ಇಲ್ಲಿ ಅನ್ಯಾಯ ಅಪಾರ, ಹಕ್ಕೂ ಅಷ್ಟೇ ದೊಡ್ಡದು. ಮೆರವಣಿಗೆ ನಡೆಯಲಿ. ರಸ್ತೆ ಕಿರಿದಾಗಿ ಎರಡೇ ಪಥವಿರುವಲ್ಲಿ 300 ಜನ ಮೀರಬಾರದು. ನಡೆಯುವವರಿಗೆ ಸರ್ಕಾರವೇ ರಕ್ಷಣೆ ಕೊಡಬೇಕು. ದೊಡ್ಡ ತತ್ವವನ್ನು ರಸ್ತೆಯ ಅಗಲದವರೆಗೆ ಇಳಿಸಿ ಬರೆದ ಈ ಆದೇಶ ನನಗೆ ನ್ಯಾಯದ ಮೇಲೆ ನಂಬಿಕೆ ಹುಟ್ಟಿಸುತ್ತದೆ.

21ರಂದು ಸೆಲ್ಮಾದಿಂದ ಜನ ಹೊರಡುತ್ತಾರೆ. ಸೈನಿಕರ ಕಾವಲಿನಲ್ಲಿ 54 ಮೈಲಿ. 25ರಂದು ರಾಜಧಾನಿ ತಲುಪುವಾಗ ಸುಮಾರು 25,000 ಮಂದಿ. ಆಗಸ್ಟ್ ಹೊತ್ತಿಗೆ ಮತದಾನ ಹಕ್ಕು ಕಾಯ್ದೆಯೂ ಜಾರಿಗೆ ಬರುತ್ತದೆ.

ಜಾನ್ಸನ್‌ರಿಗೆ ನೆಮ್ಮದಿ ಸಿಗಲಿಲ್ಲ. 1967ರಲ್ಲಿ ಅವರ ತಾಯಿಯ ಮನೆಗೆ ಬಾಂಬ್ ಬಿತ್ತು, ಆಕೆ ಬದುಕುಳಿದರು. ಜಾನ್ಸನ್ ಹಿಂಜರಿಯಲಿಲ್ಲ. ಮುಂದಿನ ದಶಕದಲ್ಲಿ ಅಲಬಾಮಾದ ಮಾನಸಿಕ ಆಸ್ಪತ್ರೆಗಳೂ ಜೈಲುಗಳೂ ಮನುಷ್ಯರು ಇರುವಂತಿರಬೇಕೆಂದು ಆದೇಶಿಸಿದರು. ಅಮೆರಿಕದ ಸಂವಿಧಾನ ಫೆಡರಲ್ ನ್ಯಾಯಾಧೀಶರಿಗೆ ಜೀವಮಾನದ ಹುದ್ದೆ ಕೊಡುವುದು, ಮತದ ಹಂಗಿಗೂ ಅಧಿಕಾರಸ್ಥರ ಮರ್ಜಿಗೂ ಬೀಳದಿರಲಿ ಎಂದು. ಆ ಭದ್ರತೆಯನ್ನು ಜಾನ್ಸನ್ ತಮಗಾಗಿ ಇಟ್ಟುಕೊಳ್ಳಲಿಲ್ಲ. ಯಾವ ಭದ್ರತೆಯೂ ಇಲ್ಲದವರಿಗಾಗಿ ಬಳಸಿದರು.