ಹೊಳೆಯ ಹಾದಿಯಲ್ಲೊಂದು ನಿವೇಶನ

ಭೂಮಿಯನ್ನು ಕೊಳ್ಳುವವನು ಅದನ್ನು ಗಾಡಿಯ ಕಿಟಕಿಯಿಂದ ನೋಡಬಾರದು, ಕಾಲಿನಿಂದ ನೋಡಬೇಕು ಎಂಬುದು ವಿಜಯನಗರದ ಮೇಷ್ಟರೊಬ್ಬರ ಮತ. ಕೆಲಸದಿಂದ ನಿವೃತ್ತರಾದರೂ ಈ ಮತದಿಂದ ಅವರು ನಿವೃತ್ತರಾಗಿರಲಿಲ್ಲ. ಅವರ ಮಗಳು ಮಾಗಡಿ ರಸ್ತೆಯಾಚೆ, ತಿಪ್ಪಗೊಂಡನಹಳ್ಳಿಯ ಕಡೆ, ಒಂದು ನಿವೇಶನವನ್ನು ಮೆಚ್ಚಿ ಮುಂಗಡವನ್ನೂ ಕೊಟ್ಟು, ಉಳಿದ ಹಣಕ್ಕೆ ತಂದೆಯ ಗಂಟನ್ನು ನೆಚ್ಚಿದ್ದಳು. “ಕೊಡೋಣಮ್ಮ, ಮೊದಲು ನಡೆದು ನೋಡೋಣ” ಎಂದರು ಮೇಷ್ಟರು. ಅಂತೆಯೇ ಕಾರ್ತಿಕದ ಒಂದು ಬೆಳಗ್ಗೆ ತಂದೆ ಮಗಳಿಬ್ಬರೂ ಬಸ್ಸಿನಿಂದಿಳಿದು ಕಾಲುದಾರಿ ಹಿಡಿದರು.

ಅದು ಹೆಮ್ಮರಗಳ ಕಾಡಲ್ಲ. ಬಂಡೆಗಳ ಸಂದಿನಲ್ಲಿ ಕಾರೆ, ಕವಳಿ, ಜಾಲಿ, ಬಂದರಿಕೆ ಬೆಳೆದು, ಅವುಗಳ ಮೇಲೆ ಲಂಟಾನ ಹಬ್ಬಿದ ಕುರುಚಲು. ಮುಳ್ಳು ಸೆರಗನ್ನು ಹಿಡಿದೆಳೆಯುತ್ತಿದ್ದಿತು. ಎಲ್ಲಿಯೋ ನವಿಲು ಕೂಗಿತು. ದಿಬ್ಬವೊಂದನ್ನು ಹತ್ತಿದಾಗ ದೂರದಲ್ಲಿ ಕಲ್ಲಿನ ಅಣೆಕಟ್ಟು ಕಾಣಿಸಿತು. ಮೇಷ್ಟರು ಬಂಡೆಯ ಮೇಲೆ ಕುಳಿತು ಬುತ್ತಿಯನ್ನು ಬಿಚ್ಚಿದರು. ಅದರೊಡನೆ ಹಳೆಯ ಪಾಠವೂ ಬಿಚ್ಚಿಕೊಂಡಿತು.

ಕೆರೆ ಬಾವಿಗಳನ್ನು ನಂಬಿದ್ದ ಬೆಂಗಳೂರಿಗೆ ದೂರದ ಹೊಳೆಯ ನೀರು ನಲ್ಲಿಯಲ್ಲಿ ಬಂದದ್ದು 1896ರಲ್ಲಿ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1894ರಲ್ಲಿ, ಹೆಸರಘಟ್ಟದಲ್ಲಿ ಅರ್ಕಾವತಿಗೆ ಕಟ್ಟೆ ಹಾಕಿದರು. ನೀರು ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿ ಸೋಲದೇವನಹಳ್ಳಿಯವರೆಗೆ ಹರಿಯುತ್ತಿದ್ದಿತು. ಅಲ್ಲಿಂದ ಹಬೆಯ ಯಂತ್ರಗಳು ಅದನ್ನು ನಗರದ ಕಡೆಗೆ ಎತ್ತುತ್ತಿದ್ದವು. 1925ರಲ್ಲಿ ಹೆಸರಘಟ್ಟವೇ ಬತ್ತಿ ಊರು ಬಾಯಾರಿತು. ಆಮೇಲೆ ಹುಡುಕಿದ ಜಾಗವೇ ಇದು: ನಂದಿಯ ಕಡೆಯಿಂದ ಬರುವ ಅರ್ಕಾವತಿಯೂ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯೂ ಕೂಡುವ ತಾಣ. 1933ರಲ್ಲಿ ಚಾಮರಾಜಸಾಗರ ಸಿದ್ಧವಾಯಿತು. ತುಂಬಿದರೆ 74 ಅಡಿ. 1974ರಲ್ಲಿ ಕಾವೇರಿ ಬರುವ ತನಕ ನಗರವನ್ನು ಸಾಕಿದವು ಈ ಎರಡು ಜಲಾಶಯಗಳೇ ಎನ್ನಬಹುದು.

“ಆಮೇಲೆ?” ಎಂದಳು ಮಗಳು.

“ಆಮೇಲೆ ಮೇಲ್ಗಡೆ ನೀಲಗಿರಿ ನೆಟ್ಟರು, ಕೊಳವೆಬಾವಿ ತೋಡಿದರು, ಹಳ್ಳಗಳ ಮೇಲೆ ಮನೆ ಕಟ್ಟಿದರು. ಬಂದಷ್ಟು ನೀರಿನಲ್ಲಿಯೂ ಕೊಳಚೆ ಬೆರೆಯಿತು. 2012ರಲ್ಲಿ ಇಲ್ಲಿಂದ ನಗರಕ್ಕೆ ನೀರೆತ್ತುವುದು ನಿಂತಿತು. ಕಟ್ಟೆಗೆ ಏನೂ ಆಗಲಿಲ್ಲಮ್ಮ. ಕಲ್ಲು ಭದ್ರವಾಗಿಯೇ ಇತ್ತು. ಕೆಟ್ಟದ್ದು ನೀರು ಬರುವ ದಾರಿ.”

ಇಳಿಜಾರಿನಲ್ಲಿ ಒಣಗಿದ ಹಳ್ಳವೊಂದು ಇದಿರಾಯಿತು. ಹುಲ್ಲೆಲ್ಲ ಒಂದೇ ದಿಕ್ಕಿಗೆ ಬಾಗಿ ಮಲಗಿದ್ದಿತು. ಸೊಂಟದೆತ್ತರದ ಕೊಂಬೆಯಲ್ಲಿ ಮಳೆಗಾಲದ ಕಸಕಡ್ಡಿ ಸಿಕ್ಕಿಕೊಂಡಿದ್ದಿತು. ಆ ಹಳ್ಳದ ಎರಡು ದಡಗಳಲ್ಲಿಯೂ ಸುಣ್ಣ ಬಳಿದ ಗಡಿಕಲ್ಲುಗಳು. ಮಗಳು ನಕ್ಷೆಯನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಸಂಶಯವಿರಲಿಲ್ಲ, ಅವಳ ನಿವೇಶನ ಹಳ್ಳದ ನಡುವೆಯೇ ಇದ್ದಿತು.

“ಮಣ್ಣು ತುಂಬಿ ಸಮ ಮಾಡಿಕೊಡುತ್ತಾರಂತೆ, ಅಣ್ಣ.”

“ಮಾಡಿಕೊಡುತ್ತಾರೆ. ಹಳ್ಳಕ್ಕೆ ಈ ಮಾತು ಹೇಳುವವರು ಯಾರು?”

ಈ ಜಲಾಶಯದ ಜಲಾನಯನ ಪ್ರದೇಶದಲ್ಲಿ ಕಟ್ಟಡಗಳಿಗೆ ಕಟ್ಟುಪಾಡು ವಿಧಿಸಿ 2003ರಲ್ಲಿಯೇ ಸರಕಾರದ ಆಜ್ಞೆಯಾಗಿದ್ದುದನ್ನು ಮೇಷ್ಟರು ನೆನಪಿಸಿದರು. ಮಗಳಿಗೆ ಸಿಟ್ಟು ಬಂದಿತು. “ನಾನು ಬಿಟ್ಟರೆ ಇನ್ನೊಬ್ಬರು ಕೊಳ್ಳುತ್ತಾರೆ. ನೀವು ಮನೆ ಕಟ್ಟಿದ್ದೂ ಒಂದು ಕಾಲದ ಹೊಲದ ಮೇಲೆಯೇ ಅಲ್ಲವೆ? ಊರಲ್ಲಿ ನೆಲೆ ಸಿಕ್ಕಿದವರಿಗೆ ಉಪದೇಶ ಸುಲಭ.”

ಮೇಷ್ಟರು ಬಹಳ ಹೊತ್ತು ಸುಮ್ಮನಿದ್ದರು. ಮಾತಿನಲ್ಲಿ ಸತ್ಯವಿದ್ದಿತು. ಕೊನೆಗೆ ಮೆಲ್ಲನೆ ಹೇಳಿದರು: “ನೀನು ಹೇಳಿದ್ದಕ್ಕಿಂತಲೂ ನನ್ನ ಋಣ ದೊಡ್ಡದಮ್ಮ. ಚಿಕ್ಕಂದಿನಲ್ಲಿ ನಾನು ಕುಡಿದದ್ದು ಅರ್ಕಾವತಿಯ ನೀರು. ನಮ್ಮ ಬಚ್ಚಲಿನದು ಹೋಗಿ ಸೇರಿದ್ದು ವೃಷಭಾವತಿಯನ್ನು. ಅದು ಕೆಂಗೇರಿಯನ್ನು ದಾಟಿ, ದಕ್ಷಿಣಕ್ಕೆ ಹರಿದು, ಕಡೆಗೆ ಇದೇ ಅರ್ಕಾವತಿಯನ್ನು ಕೂಡುತ್ತದೆ. ಮೇಲುಗಡೆ ತಾಯಿಯೆಂದು ಕುಡಿದವರು, ಕೆಳಗಡೆ ಅವಳ ಮಡಿಲಿಗೇ ಕೊಳೆ ಸುರಿದೆವು. ನನಗಾಗ ತಿಳಿದಿರಲಿಲ್ಲ. ನಿನಗೆ ತಿಳಿದುಹೋಯಿತಲ್ಲ, ಅದೇ ಕಷ್ಟ.”

ಮಗಳು ಉತ್ತರ ಕೊಡಲಿಲ್ಲ. ಹಿಂದಿರುಗುವಾಗ ಮುಂದೆ ನಡೆಯುತ್ತಿದ್ದವಳು ಅವಳೇ. ಹಳ್ಳವನ್ನು ದಾಟುವಲ್ಲಿ ನಿಂತು, ತಂದೆಗೆ ಕೈ ಕೊಟ್ಟಳು.

ಅವಳು ನಿವೇಶನವನ್ನು ಬಿಟ್ಟಳು. ಮುಂಗಡ ಹಿಂದಕ್ಕೆ ಬರಲಿಲ್ಲ. ಎರಡು ವರ್ಷದ ಉಳಿತಾಯ ಹೋಯಿತು. ಮಳೆಗಾಲ ಬರುವ ಮೊದಲೇ ಆ ಜಾಗವನ್ನು ಬೇರೊಬ್ಬರು ಕೊಂಡರೆಂದೂ ಕೇಳಿಬಂದಿತು. ಹೋದ ಹಣದ ಅರ್ಧವನ್ನು ಮೇಷ್ಟರು ತಮ್ಮ ಗಂಟಿನಿಂದ ತೆಗೆದು ಮಗಳ ಕೈಯಲ್ಲಿಟ್ಟರು. ಅವಳು ಬೇಡವೆಂದಾಗ, “ಇದು ನಿನಗಲ್ಲಮ್ಮ, ಕುಡಿದ ನೀರಿನ ಬಾಬು” ಎಂದರು.