ಹಗ್ಗದ ಈ ತುದಿ

ಮಾರ್ಚ್ 2, 2024, ಶನಿವಾರ. ಆಡುಗೋಡಿ

ನಿನ್ನೆ ಮಧ್ಯಾಹ್ನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಯಾರೋ ಚೀಲ ಬಿಟ್ಟು ಹೋಗಿದ್ದ. ಊಟಕ್ಕೆ ಬಂದವರು ಗಾಯಗೊಂಡರು. ಆಗಿನಿಂದ ಕರೆಯ ಮೇಲೆ ಕರೆ. ಬಸ್ ನಿಲ್ದಾಣದಲ್ಲಿ ಯಾರೋ ಮರೆತ ಚೀಲಕ್ಕೂ ಶ್ವಾನದಳವೇ ಬೇಕು. ನನ್ನ ನಾಯಿ ಚುಕ್ಕಿ ಮೂಸಿ, ಏನೂ ಇಲ್ಲವೆಂದು ಮುಂದೆ ಹೋಗುತ್ತಿದ್ದಳು. ನಾನೇ ಮನಸ್ಸು ತಡೆಯದೆ ಅವಳನ್ನು ಮತ್ತೆ ಮತ್ತೆ ಹಿಂದಕ್ಕೆ ಎಳೆದೆ.

ಮಾರ್ಚ್ 7

ಪರೀಕ್ಷೆಗೆ ಎಂಟು ಡಬ್ಬ ಸಾಲಾಗಿ ಇಟ್ಟಿದ್ದರು. ಸ್ಫೋಟಕದ ಸ್ಯಾಂಪಲ್ ಯಾವುದರಲ್ಲಿದೆ ಎಂದು ನನಗೂ ತಿಳಿಸಿರಲಿಲ್ಲ. ಮೂರನೆಯದರ ಮುಚ್ಚಳ ಸ್ವಲ್ಪ ಎದ್ದಿತ್ತು. ಇದೇ ಇರಬೇಕು ಅಂದುಕೊಂಡೆ. ಅಲ್ಲಿ ನನ್ನ ಹೆಜ್ಜೆ ನಿಧಾನವಾಯಿತು. ಚುಕ್ಕಿ ನನ್ನ ಮುಖ ನೋಡಿದಳು, ಕೂತಳು. ಬಾಂಬಿನ ನಾಯಿ ಬೊಗಳುವಂತಿಲ್ಲ, ಕೆರೆಯುವಂತಿಲ್ಲ. ಕೂತರೆ ಸಿಕ್ಕಿತೆಂದು ಅರ್ಥ. ಡಬ್ಬ ಖಾಲಿ.

"ಅವಳನ್ನು ಕೂರಿಸಿದ್ದು ವಾಸನೆಯಲ್ಲ ಕಣಯ್ಯ, ನೀನು" ಅಂದರು ನಮ್ಮ ದಳದ ಸಾಹೇಬರು.

2011ರಲ್ಲಿ ಪ್ರಕಟವಾದ, ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಒಂದು ಪ್ರಯೋಗದ ಬಗ್ಗೆಯೂ ಹೇಳಿದರು. ಒಂದು ಚರ್ಚಿನ ಕೋಣೆಗಳಲ್ಲಿ 18 ನಾಯಿಗಳನ್ನು ಓಡಾಡಿಸಿದರು. ಕೆಲವು ಕಡೆ ಕೆಂಪು ಕಾಗದ ಅಂಟಿಸಿ, ಅಲ್ಲಿ ಸ್ಯಾಂಪಲ್ ಇದೆಯೆಂದು ಹ್ಯಾಂಡ್ಲರ್‌ಗಳನ್ನು ನಂಬಿಸಿದ್ದರು. ಎಲ್ಲೂ ಏನೂ ಇರಲಿಲ್ಲ. ಆದರೂ 225 ತಪ್ಪು ಸೂಚನೆಗಳು ಬಂದವು. ರಾತ್ರಿ ಊಟ ಸೇರಲಿಲ್ಲ.

ಮಾರ್ಚ್ 14

ಸ್ಯಾಂಪಲ್ ಪೆಟ್ಟಿಗೆಗಳನ್ನು ಬೇರೆ ಬೇರೆ ಮಾಡಿ ಇಟ್ಟೆವು. ಒಟ್ಟಿಗಿದ್ದರೆ ಒಂದರ ವಾಸನೆ ಇನ್ನೊಂದಕ್ಕೆ ಹತ್ತಿ, ನಾಯಿ ತಪ್ಪು ಪಾಠ ಕಲಿಯುತ್ತದೆ. ಆರ್‌ಡಿಎಕ್ಸ್ ಆವಿಯಾಗುವುದು ತೀರಾ ಕಡಿಮೆ. ತಯಾರಿಕೆಯಲ್ಲಿ ಬಳಸಿ ಉಳಿದ ಸೈಕ್ಲೋಹೆಕ್ಸನೋನ್‌ನಂಥ ದ್ರಾವಕದ ಜಾಡೇ ಎಷ್ಟೋ ಸಲ ಮೂಗಿಗೆ ಸಿಗುವುದು. ಅಷ್ಟು ಸಣ್ಣ ಜಾಡಿದ್ದರೂ 1993ರ ಸ್ಫೋಟಗಳ ಮುಂಬೈಯಲ್ಲಿ ಜಂಜೀರ್ ಎಂಬ ಲ್ಯಾಬ್ರಡಾರ್ 3,300 ಕೆಜಿಗೂ ಹೆಚ್ಚು ಆರ್‌ಡಿಎಕ್ಸ್ ಹಿಡಿದುಕೊಟ್ಟ. ಆ ನಾಯಿಯನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ಖಾಲಿ ಡಬ್ಬಗಳನ್ನೂ ಸ್ಯಾಂಪಲ್‌ಗೆ ಬಳಸುವ ಬಗೆಯದೇ ಹೊಸ ಕೈಗವಸು ತೊಟ್ಟೇ ಮುಟ್ಟಬೇಕು. ಇಲ್ಲದಿದ್ದರೆ ಚುಕ್ಕಿ ಮದ್ದನ್ನು ಬಿಟ್ಟು ಕೈಗವಸನ್ನೇ ಹುಡುಕುತ್ತಾಳೆ.

ಮಾರ್ಚ್ 25, ಸೋಮವಾರ

ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಪಂದ್ಯ. 2010ರ ಏಪ್ರಿಲ್ 17ರಂದು ಪಂದ್ಯಕ್ಕೆ ಮುಂಚೆ ಬಾಂಬ್ ಸಿಡಿದದ್ದು ಇದೇ ಕ್ರೀಡಾಂಗಣದಲ್ಲಿ. ಬಿಸಿಲೇರುವ ಮೊದಲೇ ಶುರು ಮಾಡಿದೆವು. ಬಾಯಿ ತೆರೆದು ತೇಕುವ ನಾಯಿಗೆ ಸರಿಯಾಗಿ ಮೂಸಲಾಗದು. ಅದಕ್ಕೇ ಸ್ವಲ್ಪ ಹೊತ್ತು ಕೆಲಸ, ನೆರಳು, ನೀರು, ಮತ್ತೆ ಕೆಲಸ.

ಒಂದು ಕಂಬದ ಬುಡದಲ್ಲಿ ಚುಕ್ಕಿ ತಡೆದು ನಿಂತಳು. ನನ್ನ ಎದೆ ಹೊಡೆದುಕೊಂಡಿತು. ಹಗ್ಗ ಸಡಿಲ ಬಿಟ್ಟು, ಮುಖ ಆಚೆ ತಿರುಗಿಸಿ ನಿಂತೆ. ಮೂಸಿ ಮುಗಿಸಿ ಅವಳೇ ಹೊರಟಳು. ನಾನು ಹಿಂದಕ್ಕೆ ಎಳೆಯಲಿಲ್ಲ.

ದಿನವಿಡೀ ಏನೂ ಸಿಗದಿದ್ದರೆ ನಾಯಿಗೆ ಹುಡುಕುವ ಹುಮ್ಮಸ್ಸೇ ಬತ್ತುತ್ತದೆ. ಅದಕ್ಕೇ ಆಡುಗೋಡಿಗೆ ಮರಳಿದ ಮೇಲೆ ಸಾಹೇಬರು ಒಂದು ಸ್ಯಾಂಪಲ್ ಅಡಗಿಸಿಟ್ಟರು. ಎಲ್ಲಿ ಎಂದು ನಾನು ಕೇಳಲಿಲ್ಲ. ನಾಲ್ಕು ನಿಮಿಷದಲ್ಲಿ ಚುಕ್ಕಿ ನೀರಿನ ತೊಟ್ಟಿಯ ಹಿಂದೆ ಹೋಗಿ ಕೂತಳು. ಸಾಹೇಬರು ತಲೆಯಾಡಿಸಿದರು, ನಾನು ಚೆಂಡು ಎಸೆದೆ.